ಗೆರೆ ಮುಟ್ಟಿದ ಕೈ

ಹೋದ ವಾರ ಗುಬ್ಬಿ ಹತ್ತಿರ ನಮ್ಮ ಮಾವನ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ಕೆಳಗೆ ಬಿದ್ದ ತೆಂಗಿನಕಾಯಿ ಆಯುತ್ತಿದ್ದವನ ತಲೆಯ ಮೇಲೊಂದು ಹೆಲ್ಮೆಟ್ಟು, ಮುಖಕ್ಕೆ ಅಡ್ಡವಾಗಿ ಕಂಬಿ. ಸ್ಕೂಟರಿನವರು ಹಾಕುವಂಥದ್ದಲ್ಲ, ಕ್ರಿಕೆಟ್ಟಿನವರದ್ದೂ ಅಲ್ಲ. ನಮ್ಮ ಸೀಮೆಯಲ್ಲಿ ಅಂಥ ಹೆಲ್ಮೆಟ್ಟು ಇದ್ದದ್ದೇ ನಮ್ಮ ತಂಡದ ಹತ್ತಿರ.

“ಎಲ್ಲಿ ಸಿಕ್ತಪ್ಪಾ ಇದು?” ಅಂದೆ.

“ಕಡಬದಲ್ಲಿ ಪಿ.ಟಿ. ಮೇಷ್ಟ್ರು ಮನೇಲಿ ಕೊಟ್ರು ಕಣಣ್ಣ. ಮೇಷ್ಟ್ರು ತೀರ್ಕೊಂಡು ಮೂರು ತಿಂಗಳಾಯ್ತಲ್ಲ.”

ಅವನು ಮುಂದಿನ ಮರಕ್ಕೆ ಹೋದ. ನಾನು ಕಾಯಿ ರಾಶಿಯ ಪಕ್ಕದಲ್ಲೇ ಕೂತೆ. ಮೂರು ತಿಂಗಳು! ಯಾರೂ ನನಗೆ ಹೇಳಿರಲಿಲ್ಲ. ಹೇಳಿಸಿಕೊಳ್ಳುವಂಥ ಶಿಷ್ಯ ನಾನಾಗಿದ್ದರೆ ತಾನೇ...

ಕ್ಯಾತ್ಸಂದ್ರದ ಹೈಸ್ಕೂಲಿನಲ್ಲಿ ನನಗೆ ಕಬಡ್ಡಿ ಕಲಿಸಿದವರು ಅವರು. ಅವರ ಪಾಠ ಒಂದೇ. ನಾಲ್ಕು ಜನ ಮೇಲೆ ಬಿದ್ದರೂ ಕೈ ಚಾಚಿ ನಡುಗೆರೆ ಮುಟ್ಟು, ಬೆರಳ ತುದಿ ತಾಗಿದರೂ ನೀನು ಬದುಕಿದೆ. ದಿನಾ ಸಂಜೆ ಮಣ್ಣಿನಲ್ಲಿ ಹೊರಳಾಡಿಸಿ ಅದನ್ನು ನಮ್ಮ ಮೈಗೆ ಹತ್ತಿಸಿದ್ದರು. ನಿದ್ದೆಗಣ್ಣಲ್ಲೂ ಕೈ ಚಾಚುತ್ತಿದ್ದೆವು.

ಆಮೇಲೊಂದು ವರ್ಷ ಬೆಂಗಳೂರಿನ ಕಂಪನಿಯೊಂದು ಅಮೆರಿಕದವರ ಫುಟ್‌ಬಾಲನ್ನು ಇಲ್ಲಿ ಆಡಿಸುತ್ತೇವೆ, ಆಡುವವರಿಗೆ ಸಂಬಳ ಎಂದು ಬಂತು. ಹೆಸರಿಗೆ ಫುಟ್‌ಬಾಲು, ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಮುಖಕ್ಕೆ ಕಂಬಿಯಿರುವ ಹೆಲ್ಮೆಟ್ಟು ಹಾಕಿಕೊಂಡು, ಮೊಟ್ಟೆಯಂಥ ಚೆಂಡನ್ನು ಅವಚಿಕೊಂಡು ಓಡಿ ಎದುರಿನವರ ಗೆರೆ ದಾಟಿಸಬೇಕು. ಮೈಮೇಲೆ ಬೀಳುವ ಆಟ ತಾನೇ, ನಮ್ಮ ಹುಡುಗರೇ ಸರಿ ಎಂದು ಮೇಷ್ಟ್ರು ನಮ್ಮನ್ನು ಕಟ್ಟಿಕೊಂಡು ಹೊರಟೇಬಿಟ್ಟರು. ಅವರಿಗೂ ಆಟ ಹೊಸದು. ಬೆಳಿಗ್ಗೆ ಫೋನಿನಲ್ಲಿ ನೋಡಿದ್ದನ್ನು ಸಂಜೆ ನಮಗೆ ಕಲಿಸುತ್ತಿದ್ದರು.

ಸೋತೆವು. ಸೋಲು ಅಂದರೆ ಅಂತಿಂಥ ಸೋಲಲ್ಲ. ಆರು ಪಂದ್ಯಗಳಲ್ಲಿ ನಮ್ಮವರು ಒಬ್ಬರೂ ಆ ಗೆರೆಯ ಹತ್ತಿರ ಸುಳಿಯಲಿಲ್ಲ. ಹಿಡಿದು ಕೆಡವಿದ ಕೂಡಲೇ ಔಟಾದೆವೆಂದುಕೊಂಡು ಮೈದಾನದಿಂದ ಆಚೆ ನಡೆದುಬಿಡುತ್ತಿದ್ದೆವು. “ವಾಪಸ್ ಹೋಗ್ರೋ, ಇದ್ರಲ್ಲಿ ಔಟಿಲ್ಲ ಕಣ್ರೋ!” ಎಂದು ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು. ನೋಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಏಳನೆಯದು ಕೊನೆಯ ಪಂದ್ಯ. ಈ ಆಟ ಈ ವರ್ಷಕ್ಕೇ ಸಾಕು, ಮುಂದಿನ ವರ್ಷ ಕಂಪನಿ ಕಬಡ್ಡಿ ತಂಡ ಕಟ್ಟುತ್ತದೆ, ನಿಮ್ಮಲ್ಲಿ ಯಾರು ಬೇಕೆಂದು ಇವತ್ತಿನ ಆಟ ನೋಡಿ ಹೇಳುತ್ತೇನೆ ಎಂದ ಮ್ಯಾನೇಜರು. ಅಂಥ ತಂಡಕ್ಕೆ ಕೋಚ್ ಆಗುವುದು ಮೇಷ್ಟ್ರ ಜೀವಮಾನದ ಆಸೆ. ಆಡುವುದು ನನ್ನದು. ಮೈದಾನಕ್ಕೆ ಇಳಿಯುವ ಮುಂಚೆ ನನ್ನ ಕಿವಿ ಹಿಂಡಿ, “ಕೈ ಅಲ್ಲ ಕಣೋ, ಚೆಂಡು. ಚೆಂಡು ಗೆರೆ ದಾಟ್ಬೇಕು. ತಿಳೀತಾ?” ಅಂದರು.

ತಿಳಿದಿತ್ತು. ಕೊನೆಯ ನಿಮಿಷದಲ್ಲಿ ಚೆಂಡು ನನಗೆ ಸಿಕ್ಕಿತು. ಗೆರೆ ದಾಟಿಸಿದರೆ ಗೆಲುವು ನಮ್ಮದೇ. ಓಡಿದೆ. ಇನ್ನೇನು ಮೊಳ ದೂರವಿದೆ ಅನ್ನುವಾಗ ಇಬ್ಬರು ಕಾಲು ಹಿಡಿದು ಕೆಡವಿದರು. ಎಡಗೈಯಲ್ಲಿ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ಬರಿ ಬಲಗೈ ಚಾಚಿ ಗೆರೆ ಮುಟ್ಟಿದೆ. ಎದ್ದು ತೊಡೆ ತಟ್ಟಿದೆ. ನಮ್ಮ ಹುಡುಗರೂ ಕುಣಿದರು! ರೆಫರಿ ನಮ್ಮನ್ನು ಮಿಕಿಮಿಕಿ ನೋಡಿ, ಇಲ್ಲವೆಂದು ಕೈಯಾಡಿಸಿದ.

ಮ್ಯಾನೇಜರು ಕೆಂಡವಾಗಿ ಬಂದ. “ಯಾರೋ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?”

“ಮೇಷ್ಟ್ರು” ಅಂದೆ.

ಅದು ನನ್ನ ಬಾಯಿಂದಲೇ ಬಂತು. ಇವತ್ತಿಗೂ ನನಗೆ ನಂಬಲಾಗುವುದಿಲ್ಲ. ಮೇಷ್ಟ್ರು ಅಲ್ಲೇ ನಿಂತಿದ್ದರು. ನನ್ನನ್ನೊಮ್ಮೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಹೊಡೆದರೂ ಸರಿ ಅಂದುಕೊಂಡೆ.

“ಹೌದು ಸಾರ್, ನಾನೇ ಹೇಳ್ಕೊಟ್ಟಿದ್ದು. ಹುಡುಗಂದೇನೂ ತಪ್ಪಿಲ್ಲ” ಅಂದರು.

ಮುಂದಿನ ವರ್ಷ ಕಬಡ್ಡಿ ತಂಡದಲ್ಲಿ ನಾನಿದ್ದೆ. ಕೋಚ್ ಬೇರೆ ಯಾರೋ. ಮೇಷ್ಟ್ರು ಶಾಲೆಗೆ ಮರಳಿದರು. ರಿಟೈರಾಗಿ ಕಡಬಕ್ಕೆ ಹೋದರಂತೆ. ಯಾವ ಮುಖ ಹೊತ್ತು ಹೋಗಲಿ ಎಂದು ನಾನು ಒಂದು ಸಲವೂ ಆ ಕಡೆ ಹೋಗಲಿಲ್ಲ.

ಮೊನ್ನೆ ಹೋದೆ. ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ಗುರುತು ಹಿಡಿದರು. ಆಕೆಗಾದರೂ ತಪ್ಪು ನನ್ನದೇ ಎಂದು ನಿಜ ಹೇಳಿ ಕಾಲಿಗೆ ಬೀಳೋಣವೆಂದು ಇಡೀ ದಾರಿ ಮಾತು ಜೋಡಿಸಿಕೊಂಡು ಬಂದಿದ್ದೆ. ಆಕೆ ಬಿಡಲಿಲ್ಲ, ಕೂರಿಸಿ ಕಾಫಿ ಕೊಟ್ಟರು.

“ನೀನು ಟೀವೀಲಿ ಬಂದ್ರೆ ಊಟ ಬುಟ್ಟು ಕೂರೋರು ಕಣಪ್ಪಾ. ‘ಏಳು ಮ್ಯಾಚಲ್ಲಿ ಆ ಗೆರೆ ಮುಟ್ಟಿದೋನು ಇವ್ನೊಬ್ನೇ, ನಾನು ಹೇಳ್ಕೊಟ್ಟಿದ್ದನ್ನ ಮರೀಲಿಲ್ಲ’ ಅಂತ ಬಂದೋರಿಗೆಲ್ಲ ಹೇಳೋರು. ಅಲ್ವೇನಪ್ಪಾ?”

ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ.

“ಹೌದಮ್ಮಾ” ಅಂದೆ. ಅವರಿಲ್ಲದ ಮನೆಯಲ್ಲೂ ನನ್ನಿಂದ ಅಷ್ಟೇ ಆದದ್ದು.