ಒಂದು ದಿನದ ಭವಾನಿ

ಮೊದಲು ನಡುಗಿದ್ದು ಬಲಗೈ. ವಿಶಾಖಪಟ್ಟಣದ ಬಂದರಿನ ಹತ್ತಿರ ನಮ್ಮ ಆಫೀಸಿನಲ್ಲಿ ಶಿಪ್ಪಿಂಗ್ ಕಾಗದಕ್ಕೆ ಸಹಿ ಹಾಕುತ್ತಿದ್ದೆ. ಗಾಳಿಯ ದೋಷವೆಂದು ತೀರ್ಮಾನಿಸಿ ಫ್ಯಾನ್ ಆರಿಸಿದೆ. ಫ್ಯಾನ್ ನಿಂತಿತು. ಕೈ ನಿಲ್ಲಲಿಲ್ಲ.

ಸಂಜೆ ಎರಡು ಪೆಗ್ ಹಾಕಿದ ಮೇಲೆ ನಿಂತಿತು. ಔಷಧಿ ಪತ್ತೆಯಾಯಿತೆಂದು ನಿಶ್ಚಿಂತನಾದೆ.

ಡಾಕ್ಟರಿಗೆ ನನ್ನ ಸಂಶೋಧನೆ ಹಿಡಿಸಲಿಲ್ಲ. ಸ್ಕ್ಯಾನ್ ನೋಡಿ, "ಲಿವರ್ ಊದಿದೆ. ಈಗ ಬಿಟ್ಟರೆ ಚೇತರಿಸಿಕೊಳ್ಳುತ್ತೆ" ಎಂದರು. ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದೆಂದು ಅಡ್ಮಿಟ್ ಮಾಡಿಕೊಂಡು ಡಿಟಾಕ್ಸ್ ಮಾಡಿದರು.

ಡಿಸ್ಚಾರ್ಜ್ ಆದವನು ಈ ಸೀಮೆಯ ಪದ್ಧತಿಯಂತೆ ಭವಾನಿ ದೀಕ್ಷೆ ಹಿಡಿದೆ. ಕೆಂಪು ಪಂಚೆ, ಕೊರಳಲ್ಲಿ ಮಾಲೆ, ಬರಿಗಾಲು. ಒಂದು ಮಂಡಲ, ಅಂದರೆ ನಲವತ್ತೊಂದು ದಿನ, ಮದ್ಯಮಾಂಸ ವರ್ಜ್ಯ. ಮಾಲೆ ಹಾಕಿದವರನ್ನು ಇಲ್ಲಿ ಎಲ್ಲರೂ 'ಭವಾನಿ' ಎಂದೇ ಕರೆಯುತ್ತಾರೆ. ನಮ್ಮ ಮ್ಯಾನೇಜರು "ಭವಾನಿ, ಆ ಫೈಲ್ ಎಲ್ಲಿ ಹಾಳಾಯ್ತು?" ಎಂದು ಕೈಮುಗಿದು ಬೈಯುತ್ತಿದ್ದರು. ದೇವಿಯ ಹೆಸರು ಹೊತ್ತುಕೊಂಡು ಬಾರಿನ ಮೆಟ್ಟಿಲು ಹತ್ತಲು ನನ್ನಂಥವನಿಗೂ ನಾಚಿಕೆ. ಹನಿ ಮುಟ್ಟಲಿಲ್ಲ. ನಡುಕ ಹೋಯಿತು. ಅನ್ನ ರುಚಿಸಿತು.

ದೀಕ್ಷೆಯಲ್ಲಿ ಒಂದೇ ತೊಂದರೆ. ಅದು ಮುಗಿಯುತ್ತದೆ.

ವಿಜಯವಾಡದ ಬೆಟ್ಟ ಹತ್ತಿ, ದುರ್ಗಮ್ಮನ ಸನ್ನಿಧಿಯಲ್ಲಿ ಮಾಲೆ ತೆಗೆಸಿದೆ. ಹೆಂಡತಿ ಪದ್ಮಳನ್ನು ಸ್ಟೇಷನ್ನಿನಲ್ಲಿ ಕೂರಿಸಿ, "ಬಾಳೆಹಣ್ಣು ತರ್ತೀನಿ" ಎಂದು ಹೊರಟೆ.

ಬಾಳೆಹಣ್ಣು ತರಲಿಲ್ಲ.

ಪ್ರಸಾದದ ಲಾಡುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ನನ್ನ ಕೆಂಪೇರಿದ ಕಣ್ಣು ನೋಡಿದಳು. ಬೈಯಲಿಲ್ಲ. ಅಂದಿನಿಂದ "ಊಟಕ್ಕೆ ಬಡಿಸಿದೆ", "ಗ್ಯಾಸ್ ಬಂತು" ಇಷ್ಟು ಬಿಟ್ಟು ಮಾತೇ ಇಲ್ಲ. ಬೈದಿದ್ದರೆ ವಾದಿಸಿ ಗೆಲ್ಲುವ ಅನುಭವ ನನಗಿತ್ತು. ಮೌನದ ಮುಂದೆ ಏನು ವಾದಿಸುವುದು?

ಮತ್ತೆ ಅಡ್ಮಿಟ್. ಈ ಸಲ ಡಾಕ್ಟರು, "ಜೀವಮಾನವಿಡೀ ಬಿಡ್ತೀನಿ ಅಂತ ಭಾಷಣ ಬೇಡ. ಇವತ್ತು ಕುಡಿಯಲ್ಲ ಅನ್ನಿ, ಸಾಕು" ಎಂದರು.

ಅದು ನನಗಿಂತ ಮೊದಲು ಅರ್ಥವಾದದ್ದು ಜೊತೆಗಿದ್ದ ಅತ್ತೆಗೆ. ಪದ್ಮಳ ತಾಯಿ, ತೆಲುಗಿನವರು, ನಮ್ಮ ಮನೆಯಲ್ಲೇ ಇರುತ್ತಾರೆ. ಮನೆಗೆ ಬಂದ ಮರುದಿನ, ಸ್ನಾನ ಮುಗಿಸಿದವನನ್ನು ದೇವರ ಮುಂದೆ ಕೂರಿಸಿದರು.

"ಅಲ್ಲುಡುಗಾರೂ, ಮಾಲೆ ಹಾಕಿದರಲ್ಲವಾ ತೆಗೆಯುವ ಗಲಾಟೆ? ಮಾಲೆಯೇ ಬೇಡ. ಇವತ್ತೊಂದು ದಿನ ದೀಕ್ಷೆ. ನಾಳೆಯದು ಅಮ್ಮ ನೋಡಿಕೊಳ್ಳುತ್ತಾಳೆ."

ಅಳಿಯನ ಹಣೆಗೆ ಕುಂಕುಮವಿಟ್ಟರು. "ಹೋಗಿ ಬನ್ನಿ, ಭವಾನಿ."

ಅಂದಿನಿಂದ ದಿನವೂ ಇದೇ. ಸ್ವಲ್ಪ ಹೊತ್ತು ದೀಪ ನೋಡುತ್ತಾ ಕೂರುತ್ತೇನೆ, ಕುಂಕುಮ, ಆ ಹೆಸರು. ಸಂಜೆ ದ್ವಾರಕಾ ನಗರದ ಒಂದು ತಿರುವಿನಲ್ಲಿ ಕಾಲು ಹಳೆಯ ನೆಂಟಸ್ತಿಕೆಯಿಂದ ಬಾರಿನ ಕಡೆಗೇ ವಾಲುತ್ತದೆ. ಹಣೆ ಮುಟ್ಟಿಕೊಳ್ಳುತ್ತೇನೆ. ಬೆರಳಿಗೆ ಕೆಂಪು ಹತ್ತಿತೋ, ಮನೆ ಕಡೆ ಹೆಜ್ಜೆ. ಲಿವರ್ ರಿಪೋರ್ಟ್ ಸುಧಾರಿಸಿದೆ. ಕೈ ಸಹಿಯನ್ನು ಸಹಿಯಂತೆಯೇ ಬರೆಯುತ್ತಿದೆ.

ಮೊನ್ನೆ ಅತ್ತೆಗೆ ಜ್ವರ. ಎಬ್ಬಿಸಲು ಮನಸ್ಸಾಗಲಿಲ್ಲ. ಒದ್ದೆ ತಲೆಯಲ್ಲಿ ದೇವರ ಮುಂದೆ ಕೂತೆ, ಸಹಿಯಾಗದ ಕಾಗದದ ಹಾಗೆ. ನಾನೇ ಕುಂಕುಮ ಇಟ್ಟುಕೊಳ್ಳಬಹುದಿತ್ತು. ಆದರೆ ನನ್ನ ಮಾತನ್ನು ನಾನೇ ನಂಬುವಷ್ಟು ಮುಗ್ಧ ನಾನಲ್ಲ. ಸಂಜೆಯ ಆ ತಿರುವು ನೆನಪಾಗಿ ಭಯವಾಯಿತು.

ಅಡುಗೆಮನೆಯ ಪಾತ್ರೆಗಳ ಸದ್ದು ನಿಂತಿತು. ಪದ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಬಟ್ಟಲಲ್ಲಿ ಬೆರಳದ್ದಿ, ನನ್ನ ಹಣೆಗೆ ತುಸು ಜೋರಾಗಿಯೇ ಒತ್ತಿದಳು.

"ಬರ್ತಾ ಬಾಳೆಹಣ್ಣು ತನ್ನಿ, ಭವಾನಿ."

ಸಂಜೆ ತಂದುಕೊಟ್ಟೆ. ಇನ್ನೂ ಸ್ವಲ್ಪ ಕಾಯಾಗಿದ್ದವು. ನಾಳೆಗೆ ಹಣ್ಣಾಗುತ್ತವೆ ಎಂದಳು.

ನಾಳೆಯ ವಿಚಾರ ನನ್ನ ಇಲಾಖೆಗೆ ಬರುವುದಿಲ್ಲ. ಇವತ್ತೇ ಒಂದು ಸುಲಿದು ತಿಂದೆ.