ಮಷೀನಿನೊಳಗಿನ ಮಂತ್ರಾಕ್ಷತೆ

"ನಿನ್ನ ಆಫೀಸಿನ ಅರಿವಿ-ಬಟ್ಟೀದೇ ಈ ನಾತ," ಎಂದು ಹಿಮಾಯತ್‌ನಗರದ ಮನೆಯಲ್ಲಿ ಅತ್ತೆ ವಾಷಿಂಗ್ ಮಷೀನಿನ ಮುಂದೆ ಮೂಗು ಮುಚ್ಚಿಕೊಂಡು ದಿನಾ ಚುಚ್ಚುತ್ತಿದ್ದರು. ಹೈಟೆಕ್ ಸಿಟಿಯ ಬಸ್ಸಿನಲ್ಲಿ ಊರವರನ್ನೆಲ್ಲ ಮುಟ್ಟಿ ಬಂದ ನನ್ನ ಚೂಡಿದಾರ್ ಮೈಲಿಗೆಯಂತೆ. ಅದನ್ನು ಬಚ್ಚಲಲ್ಲಿ ಕೈಯಲ್ಲೇ ಒಗೆಯತೊಡಗಿದೆ. ಆದರೂ ಮಷೀನು ನಾರುತ್ತಲೇ ಇತ್ತು, ಬೈಗುಳವೂ ನಿಲ್ಲಲಿಲ್ಲ.

ಒಂದು ಭಾನುವಾರ ರೇಗಿ, ಅವರೆದುರೇ ಮಷೀನಿನ ಬಾಗಿಲ ಸುತ್ತಲಿನ ರಬ್ಬರಿನ ಸಂದಿಗೆ ಬೆರಳು ಹಾಕಿದೆ. ಕಪ್ಪು ಲೋಳೆಯ ಜೊತೆ ಕೊಳೆತ ಅಕ್ಕಿಕಾಳು ಬಂತು. ಮಠದ ಮಂತ್ರಾಕ್ಷತೆ! ಸೆರಗಿಗೆ ಗಂಟು ಕಟ್ಟಿಕೊಂಡು ಬಂದು, ಬಿಚ್ಚದೆಯೇ ಸೀರೆಯನ್ನು ಮಷೀನಿಗೆ ತುರುಕುತ್ತಿದ್ದವರು ಅತ್ತೆಯೇ.

ಕಸದ ಬುಟ್ಟಿಯತ್ತ ತಿರುಗಿದೆ.

"ಅಯ್ಯ, ಮಂತ್ರಾಕ್ಷತಿ ಅದ, ಕಸದಾಗ ಒಗೀಬ್ಯಾಡ!" ಎಂದರು, ಮೂಗು ಮುಚ್ಚಿಕೊಂಡೇ.

ಅಂಗೈಯನ್ನು ಅವರ ಮುಖದ ಹತ್ತಿರ ಹಿಡಿದೆ.

"ಹಾಗಾದ್ರೆ ಕಣ್ಣಿಗೆ ಒತ್ತಿಕೊಳ್ಳಿ, ಅತ್ತೆ."