ಪರದೆಯ ನಡುಕ ಹಿಡಿಯುವ ಬೈರಯ್ಯ

ಶಂಕರಪುರಂನ ಈ ಮನೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಂಪ್ಯೂಟರಿನ ಮುಂದೆ ಕುಳಿತ ಬೈರಯ್ಯನವರು ಪರದೆಯನ್ನು ಬಿಟ್ಟು ಪಕ್ಕದ ಗೋಡೆ ನೋಡುತ್ತಾ ಕಟುಂ ಕುಟುಂ ಎಂದು ಕೋಡುಬಳೆ ಅಗಿಯುತ್ತಿದ್ದಾರೆ. ಈತ ಬಂದದ್ದು ರಿಪೇರಿಗೋ ತಿಂಡಿಗೋ ಎಂದು ಕಂಡವರು ಕೇಳಬೇಕು, ಹಾಗಿದೆ ವೈಖರಿ. ಆದರೆ ಇದೇ ಅವರ ಕೆಲಸ. ಹಳೆಯ ಡಬ್ಬಿ ಮಾನಿಟರಿನ ಪರದೆ ಸಣ್ಣಗೆ ಮಿನುಗಿ ನಡುಗುತ್ತದೆ; ಆ ನಡುಕ ನೇರ ನೋಟಕ್ಕಿಂತ ಕಡೆಗಣ್ಣಿಗೆ ಬೇಗ ಸಿಕ್ಕುತ್ತದೆ. ಗಟ್ಟಿ ತಿಂಡಿ ಅಗಿದರೆ ತಲೆ ಅದುರಿ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ಕತ್ತಲೂ ಬೇಕು, ಅದಕ್ಕೇ ಈ ನಸುಕಿನ ಸವಾರಿ.

ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ ರೇಡಿಯೊ, ಆಮೇಲೆ ಟಿ.ವಿ. ರಿಪೇರಿ ಮಾಡುತ್ತಿದ್ದ ಬೈರಯ್ಯನವರಿಗೆ ಈಗ ಐವತ್ತೆಂಟು. ಅಂಗಡಿ ಮುಚ್ಚಿದ ಮೇಲೆ ಸೈಕಲ್ಲೇ ಗತಿಯಾಯಿತು. ಬಸವನಗುಡಿ, ಚಾಮರಾಜಪೇಟೆ ಸುತ್ತಿ ದಿನಕ್ಕೆ ನಾಲ್ಕೈದು ಮಾನಿಟರ್ ನೋಡುತ್ತಾರೆ. ತಲೆನೋವು, ಕಣ್ಣುರಿ ಎನ್ನುವವರೇ ಹೆಚ್ಚು. ಅಂಥ ಮನೆಗಳಲ್ಲಿ ಅವರಿಗೆ ಭಯವಿಲ್ಲ.

ಇಲ್ಲಿ ಭಯವಿದೆ. ಸೀರೆಯಂಚಿನ ಚಿತ್ತಾರಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವ ಪ್ರೇಮಲತಾ ಹೋದ ತಿಂಗಳು ಇದೇ ಕುರ್ಚಿಯಿಂದ ಫಿಟ್ಸ್ ಬಂದು ಬಿದ್ದಿದ್ದರು. ಪರದೆಯ ನಡುಕದಿಂದಲೇ ಫಿಟ್ಸ್, ಅದು ನಡುಗದಿದ್ದರೆ ಮಾತ್ರ ಕೂರಿ ಎಂದಿದ್ದಾರೆ ಡಾಕ್ಟರು. ಕೆಲಸ ಬಿಡಲು ಆಕೆಗೆ ಮನಸ್ಸಿಲ್ಲ, ಕೂರಲು ಧೈರ್ಯವಿಲ್ಲ.

ಸೆಕೆಂಡಿಗೆ ಅರವತ್ತು ಸಲ ಮೂಡುತ್ತಿದ್ದ ಚಿತ್ರವನ್ನು ಬೈರಯ್ಯ ಎಪ್ಪತ್ತೆರಡಕ್ಕೆ ಏರಿಸುತ್ತಾರೆ; ಹೆಚ್ಚು ಸಲ ಮೂಡಿದಷ್ಟೂ ನಡುಕ ಕಡಿಮೆ. ಗೋಡೆ ನೋಡುತ್ತಾರೆ, ಅಗಿಯುತ್ತಾರೆ. ಏನೂ ಕಾಣುವುದಿಲ್ಲ.

"ಸರಿ ಹೋಯ್ತಮ್ಮ, ಬನ್ನಿ, ಕೂತ್ಕೊಳ್ಳಿ."

ಬಾಗಿಲಲ್ಲಿ ನಿಂತ ಪ್ರೇಮಲತಾ ಡಾಕ್ಟರು ಹೇಳಿಕೊಟ್ಟಂತೆ ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು ಓರೆಯಾಗಿ ನೋಡಿ, ತಟ್ಟನೆ ಮುಖ ತಿರುಗಿಸುತ್ತಾರೆ. "ಇಲ್ಲ ಬೈರಯ್ಯನೋರೇ, ಇನ್ನೂ ನಡುಗ್ತಾ ಇದೆ."

ಬೈರಯ್ಯ ಅಗಿಯುವುದನ್ನು ನಿಲ್ಲಿಸಿ ಉಳಿದ ಕೋಡುಬಳೆಯನ್ನು ಮೇಜಿನ ಮೇಲಿಡುತ್ತಾರೆ. ತಮ್ಮ ಮಾತು ನಂಬಿ ಆಕೆ ಕೂತುಬಿಟ್ಟಿದ್ದರೆ?

"ಹೋದ್ ವರ್ಷ ಎಪ್ಪತ್ತೆರಡರಲ್ಲೂ ನಂಗೆ ನಡುಕ ಕಾಣ್ತಿತ್ತು," ಎನ್ನುತ್ತಾರೆ. "ವಯಸ್ಸಾದ್ರೆ ಕಣ್ಣು ಮಂದ ಆಗತ್ತೆ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರ್ಲಿಲ್ಲ."

ಇನ್ನು ಎಂಬತ್ತೈದಕ್ಕೆ ಏರಿಸಬೇಕು. ಮಾನಿಟರ್ ಹಳೆಯದು, ಮಿತಿ ಮೀರಿದರೆ ಸುಟ್ಟೇ ಹೋದೀತು. ಅದಕ್ಕೇ ಮೊದಲು ಪರದೆಯ ಚುಕ್ಕಿಗಳ ಸಂಖ್ಯೆ ಇಳಿಸುತ್ತಾರೆ. ಚಿತ್ರ ಕೊಂಚ ಒರಟಾಗುತ್ತದೆ, ಮಾನಿಟರಿಗೆ ಹೊರೆ ತಗ್ಗುತ್ತದೆ. ಒಂದು ಕೈಯನ್ನು ಅದರ ಬೆನ್ನ ಮೇಲಿಟ್ಟು, ಸುಟ್ಟ ವಾಸನೆ ಬಂದೀತೇ ಎಂದು ಮೂಗರಳಿಸಿ, ಮೌಸ್ ಒತ್ತುತ್ತಾರೆ. ಟಪ್ ಎಂದು ಪರದೆ ಕಪ್ಪಾಗುತ್ತದೆ. ಚಿತ್ರ ಮರಳಿ ಬರುತ್ತದೆ.

ಈ ಸಲ ಅವರು ಗೋಡೆ ನೋಡುವುದಿಲ್ಲ. "ನೀವೇ ನೋಡಿ ಹೇಳಿ, ತಾಯಿ."

ಪ್ರೇಮಲತಾ ಬಹಳ ಹೊತ್ತು ನೋಡಿ ಕಣ್ಣ ಮೇಲಿನ ಕೈ ತೆಗೆಯುತ್ತಾರೆ. "ನಿಂತಿದೆ," ಎಂದು ಮೆಲ್ಲಗೆ ಬಂದು ಕುಳಿತು, ಅಂಚಿನ ಮೊದಲ ಹಂಸ ಬರೆಯಲು ಶುರುಮಾಡುತ್ತಾರೆ. ಬೈರಯ್ಯ ಮಾತ್ರ ಆಕೆಯ ಹಿಂದೆಯೇ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿ ನಿಂತಿದ್ದಾರೆ.

"ಇನ್ನು ಹೋಗಿ, ಕಾಫಿ ಕುಡೀರಿ," ಎಂದು ಪ್ರೇಮಲತಾ ಹೇಳಿದರೂ ಬೈರಯ್ಯ ಕದಲುವುದಿಲ್ಲ.

"ಕಣ್ಣು ಹೋಗತ್ತೆ, ಹೋಗ್ಲಿ ಬಿಡಿಮ್ಮ," ಎನ್ನುತ್ತಾರೆ. "ಹೋಗಿದೆ ಅಂತ ಮೊದ್ಲು ನಂಗೇ ಗೊತ್ತಾಗ್ಲಿ. ಯಾರಾದ್ರೂ ಬಿದ್ಮೇಲೆ ಬೇಡ."